ಹೊಸ ಬೈಕ್ ಸವಾರರಿಗೆ ಸಮಗ್ರ ಮಾರ್ಗದರ್ಶಿ: ಎಲ್‌ಎಲ್‌ಆರ್‌ನಿಂದ ವಿಮಾ ಪಾಲಿಸಿಯವರೆಗೆ

ದ್ವಿಚಕ್ರ ವಾಹನದ ವಿಮಾ ಪಾಲಿಸಿಯಲ್ಲಿ ಚಾಲಕರ ಕುರಿತು ಒಂದು ಷರತ್ತು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಪಘಾತದ ಹೊತ್ತಿಗೆ ವಾಹನ ಓಡಿಸುತ್ತಿದ್ದವರ ಬಳಿ ಊರ್ಜಿತ ಚಾಲನಾ ಪರವಾನಗಿ ಇರಬೇಕು, ಅವರು ಅಂಥ ಪರವಾನಗಿ ಹೊಂದಲು ಅನರ್ಹರಾಗಿರಬಾರದು ಎಂಬುದು ಅದರ ಮೊದಲ ಭಾಗ. ಎರಡನೆಯ ಭಾಗ ಕಲಿಯುವವರಿಗೆ ಸಂಬಂಧಿಸಿದ್ದು: ಕಲಿಕಾ ಪರವಾನಗಿ (ಎಲ್‌ಎಲ್‌ಆರ್) ಇರುವವರೂ ವಾಹನ ಓಡಿಸಬಹುದು, ಆದರೆ ಅವರು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸಿರಬೇಕು. ವಾಹನದ ಮುಂದೆ ಮತ್ತು ಹಿಂದೆ ಕೆಂಪು ಬಣ್ಣದ ‘ಎಲ್’ ಅಕ್ಷರ ಇರಬೇಕೆಂದು ಹೇಳುವುದು ಇದೇ 3ನೇ ನಿಯಮ. ಅಂದರೆ ಹತ್ತಿಪ್ಪತ್ತು ರೂಪಾಯಿಯ ಒಂದು ಸ್ಟಿಕ್ಕರ್ ಇಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ಕ್ಲೇಮು ವಿವಾದಕ್ಕೆ ಬೀಳಬಹುದು.

ಪರವಾನಗಿ, ತರಬೇತಿ, ವಿಮೆ ಎಂಬ ಮೂರನ್ನು ನಮ್ಮಲ್ಲಿ ಮೂರು ಬೇರೆ ಬೇರೆ ಕೆಲಸಗಳೆಂದು ನೋಡುವ ರೂಢಿ ಇದೆ. ಮೊದಲನೆಯದನ್ನು ಏಜೆಂಟರಿಗೆ, ಎರಡನೆಯದನ್ನು ಗೆಳೆಯರಿಗೆ, ಮೂರನೆಯದನ್ನು ಷೋರೂಮಿನವರಿಗೆ ಒಪ್ಪಿಸಿ ಸುಮ್ಮನಾಗುವವರೇ ಹೆಚ್ಚು. ವಾಸ್ತವದಲ್ಲಿ ಒಂದರ ಲೋಪ ಇನ್ನೊಂದನ್ನು ಕೆಡಿಸುತ್ತದೆ. ಕರ್ನಾಟಕದಲ್ಲಿ ಮೊದಲ ಬಾರಿಗೆ ಬೈಕ್ ಅಥವಾ ಸ್ಕೂಟರ್ ಹತ್ತುತ್ತಿರುವವರು ಮತ್ತು ಅವರ ಮನೆಯವರು ಈ ಮೂರನ್ನೂ ಒಟ್ಟಿಗೆ ಹಿಡಿದು ಹೇಗೆ ಮುಂದುವರಿಯಬೇಕೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಯಾವ ಪರವಾನಗಿ ಬೇಕೆಂದು ತೀರ್ಮಾನಿಸುವುದು

ದ್ವಿಚಕ್ರ ವಾಹನದ ಪರವಾನಗಿಯಲ್ಲಿ ಗೇರ್ ಇಲ್ಲದ್ದು, ಗೇರ್ ಇರುವುದು ಎಂಬ ಎರಡು ವರ್ಗಗಳಿವೆ. ಸ್ಕೂಟರ್, ಮೊಪೆಡ್ ಮತ್ತು ಎಲೆಕ್ಟ್ರಿಕ್ ಸ್ಕೂಟರ್ ಮೊದಲನೆಯ ವರ್ಗಕ್ಕೆ, ಕ್ಲಚ್ ಮತ್ತು ಗೇರ್ ಇರುವ ಬೈಕುಗಳು ಎರಡನೆಯದಕ್ಕೆ ಸೇರುತ್ತವೆ. ಗೇರ್ ಇರುವ ವಾಹನದ ಪರವಾನಗಿ ಪಡೆದವರು ಸ್ಕೂಟರನ್ನೂ ಓಡಿಸಬಹುದು. ಆದರೆ ಗೇರ್ ಇಲ್ಲದ ವಾಹನಕ್ಕೆ ಮಾತ್ರ ಪರವಾನಗಿ ಪಡೆದವರು ಅಣ್ಣನ ಬೈಕನ್ನು ಒಂದು ದಿನಕ್ಕೆ ತೆಗೆದುಕೊಂಡು ಹೋದರೂ ಆ ವಾಹನಕ್ಕೆ ಅವರ ಬಳಿ ಪರವಾನಗಿ ಇಲ್ಲವೆಂದೇ ಅರ್ಥ. ವಿಮಾ ಕಂಪನಿ ಆ ಪ್ರಕರಣವನ್ನು ನೋಡುವುದೂ ಹಾಗೆಯೇ. ಮುಂದೆ ಎಂದಾದರೂ ಬೈಕ್ ಓಡಿಸುವ ಸಾಧ್ಯತೆ ಇದ್ದರೆ ಮೊದಲಿಗೇ ಗೇರ್ ವರ್ಗಕ್ಕೆ ಅರ್ಜಿ ಹಾಕುವುದು ಜಾಣತನ. ಆಮೇಲೆ ಸೇರಿಸಿಕೊಳ್ಳಲು ಮತ್ತೆ ಎಲ್‌ಎಲ್‌ಆರ್, ಮತ್ತೆ ಪರೀಕ್ಷೆ, ಮತ್ತೆ ಶುಲ್ಕ.

ವಯಸ್ಸಿನ ವಿಷಯದಲ್ಲಿ ಗೊಂದಲ ಬೇಡ. 50 ಸಿಸಿ ಮೀರದ ಎಂಜಿನ್ ಇರುವ ಮೋಟಾರ್ ಸೈಕಲ್‌ಗೆ 16 ವರ್ಷ, ಉಳಿದೆಲ್ಲಕ್ಕೂ 18 ವರ್ಷ ತುಂಬಿರಬೇಕು. ಪಿಯುಸಿ ಓದುವ ಮಕ್ಕಳು ಕಾಲೇಜಿಗೆ ಒಯ್ಯುವ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿಗಿಂತ ಮೇಲಿನವು. ಆದ್ದರಿಂದ 16 ವರ್ಷಕ್ಕೆ ಸಿಗುವ ಪರವಾನಗಿ ಆ ಸ್ಕೂಟರಿಗೆ ಅನ್ವಯಿಸುವುದಿಲ್ಲ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ, ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಹತ್ತಿರದ ಟ್ಯೂಷನ್‌ಗೆ ತಾನೇ ಎಂದು ಕೀಲಿ ಕೊಡುವ ತಂದೆ-ತಾಯಂದಿರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು.

ಎರಡನೆಯ ಹಂತ: ಎಲ್‌ಎಲ್‌ಆರ್

ಅರ್ಜಿ ಸಲ್ಲಿಸುವುದು ಕೇಂದ್ರ ಸಾರಿಗೆ ಸಚಿವಾಲಯದ ‘ಸಾರಥಿ’ ಜಾಲತಾಣದಲ್ಲಿ. ರಾಜ್ಯವನ್ನು ಕರ್ನಾಟಕ ಎಂದು ಆರಿಸಿ, ಹೊಸ ಕಲಿಕಾ ಪರವಾನಗಿಯ ಅರ್ಜಿಯನ್ನು ತೆರೆಯಬೇಕು. ಆಧಾರ್ ದೃಢೀಕರಣದ ದಾರಿ ಹಿಡಿದರೆ ಹೆಸರು, ಜನ್ಮದಿನಾಂಕ, ವಿಳಾಸ ಮತ್ತು ಭಾವಚಿತ್ರ ಆಧಾರ್‌ನಿಂದಲೇ ಬರುತ್ತವೆ ಮತ್ತು ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು. ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಅಥವಾ ಜನ್ಮದಿನಾಂಕ ತಪ್ಪಾಗಿದ್ದರೆ ಅದೇ ತಪ್ಪು ಮುಂದಿನ ಚಾಲನಾ ಪರವಾನಗಿಗೂ (ಡಿಎಲ್) ಹೋಗುತ್ತದೆ, ಮುಂದೆ ವಿಮಾ ಕ್ಲೇಮಿನ ಕಾಗದಗಳಲ್ಲೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಆಧಾರ್ ಸರಿಪಡಿಸಿಕೊಂಡೇ ಅರ್ಜಿ ಹಾಕುವುದು ಒಳ್ಳೆಯದು. ಆಧಾರ್ ದಾರಿ ಬೇಡವೆಂದರೆ ವಯಸ್ಸು ಮತ್ತು ವಿಳಾಸದ ದಾಖಲೆಗಳನ್ನು ಅಪ್‌ಲೋಡ್ ಮಾಡಿ, ದಿನ ಕಾಯ್ದಿರಿಸಿ, ಆರ್‌ಟಿಒ ಕಚೇರಿಯಲ್ಲಿ ಪರೀಕ್ಷೆ ಬರೆಯಬೇಕು.

ದೈಹಿಕ ಅರ್ಹತೆಯ ಸ್ವಯಂಘೋಷಣೆಯನ್ನು ಫಾರಂ 1ರಲ್ಲಿ ಕೊಡಬೇಕು. 40 ವರ್ಷ ದಾಟಿದವರಿಗೆ ವೈದ್ಯರು ಸಹಿ ಮಾಡಿದ ಫಾರಂ 1ಎ ಬೇಕಾಗುತ್ತದೆ. ಕೇಂದ್ರ ನಿಯಮಗಳ ಪ್ರಕಾರ ಎಲ್‌ಎಲ್‌ಆರ್ ಶುಲ್ಕ ಪ್ರತಿ ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50 ರೂಪಾಯಿ. ಮುಂದೆ ಚಾಲನಾ ಪರೀಕ್ಷೆಗೆ ಪ್ರತಿ ವರ್ಗಕ್ಕೆ 300 ರೂಪಾಯಿ, ಡಿಎಲ್ ನೀಡಿಕೆಗೆ 200 ರೂಪಾಯಿ. ಸ್ಮಾರ್ಟ್ ಕಾರ್ಡ್ ಮುಂತಾದ ಸಣ್ಣ ಮೊತ್ತಗಳು ಇದಕ್ಕೆ ಸೇರಿಕೊಳ್ಳಬಹುದು. ಏಜೆಂಟರು ಹೇಳುವ ಮೊತ್ತದ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟು ನೋಡಿದರೆ ಸ್ವಂತವಾಗಿ ಮಾಡಿಕೊಳ್ಳುವುದರ ಲಾಭ ತಾನಾಗಿ ತಿಳಿಯುತ್ತದೆ. ಓದಲು ಬರೆಯಲು ಬರುವ ಯಾರಿಗೂ ಈ ಅರ್ಜಿ ಕಷ್ಟದ್ದಲ್ಲ.

ಇನ್ನೊಂದು ಅನುಕೂಲ ಹಲವರಿಗೆ ಗೊತ್ತಿಲ್ಲ. 2019ರ ತಿದ್ದುಪಡಿಯ ನಂತರ ರಾಜ್ಯದೊಳಗಿನ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಎಲ್‌ಎಲ್‌ಆರ್ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುವ ರಾಯಚೂರಿನವರು ಇದಕ್ಕಾಗಿ ಊರಿಗೆ ಹೋಗಿ ಬರಬೇಕಾಗಿಲ್ಲ.

ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಸಂಚಾರ ಚಿಹ್ನೆಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವ ಬಗೆ, ವಾಹನದೊಂದಿಗೆ ಇರಬೇಕಾದ ದಾಖಲೆಗಳು ಎಂಬ ವಿಷಯಗಳ ಮೇಲೆ ಪ್ರಶ್ನೆಗಳಿರುತ್ತವೆ. ಮನೆಯಲ್ಲಿ ಕುಳಿತು ಬೇರೆಯವರಿಂದ ಉತ್ತರ ಹೇಳಿಸಿಕೊಂಡು ಪಾಸಾಗುವವರಿದ್ದಾರೆ. ‘ದಾರಿ ಬಿಡಿ’ ಎಂದು ಸೂಚಿಸುವ ತಲೆಕೆಳಗಾದ ತ್ರಿಕೋನದ ಅರ್ಥ ತಿಳಿಯದೆ ರಿಂಗ್ ರಸ್ತೆಯ ಸರ್ವಿಸ್ ರೋಡಿನಿಂದ ಮುಖ್ಯರಸ್ತೆಗೆ ಏರುವ ಸವಾರ ತನ್ನ ಜೀವವನ್ನಷ್ಟೇ ಅಲ್ಲ, ಹಿಂದಿನಿಂದ ಬರುವವರ ಜೀವವನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಚಿಹ್ನೆಗಳ ಪಟ್ಟಿಯನ್ನು ಎರಡು ಸಂಜೆ ಕುಳಿತು ಓದಿದರೆ ಸಾಕು.

ಎಲ್‌ಎಲ್‌ಆರ್ ಆರು ತಿಂಗಳು ಊರ್ಜಿತವಾಗಿರುತ್ತದೆ. ಅದು ಸಿಕ್ಕಿ 30 ದಿನ ಕಳೆದ ಮೇಲೆ ಮಾತ್ರ ಡಿಎಲ್ ಪರೀಕ್ಷೆಗೆ ಹೋಗಬಹುದು. ಆ 30 ದಿನಗಳನ್ನು ಕಾಯುವ ಅವಧಿ ಎಂದು ಕಳೆಯದೆ ಕಲಿಯುವ ಅವಧಿಯಾಗಿ ಬಳಸಿಕೊಳ್ಳಬೇಕು.

ಮೂರನೆಯ ಹಂತ: ‘ಎಲ್’ ಬೋರ್ಡಿನ ಕಾಲದ ಕಲಿಕೆ

3ನೇ ನಿಯಮದ ಪ್ರಕಾರ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಇರುವ ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇರಬಾರದು, ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್ ಇರಬೇಕು. ಅಂಗಡಿಗಳಲ್ಲಿ ಸಿಗುವ ಬೆರಳುದ್ದದ ಸ್ಟಿಕ್ಕರ್ ಈ ಅಳತೆಗೆ ಬರುವುದಿಲ್ಲ. ಅಳೆದು ಕೊಳ್ಳಿ ಅಥವಾ ರಟ್ಟಿನಲ್ಲಿ ಕತ್ತರಿಸಿ ಮಾಡಿಕೊಳ್ಳಿ. ಊರ್ಜಿತ ಪರವಾನಗಿ ಇರುವ, ವಾಹನವನ್ನು ಹಿಡಿತಕ್ಕೆ ತರಬಲ್ಲಂತೆ ಕುಳಿತ ಬೋಧಕರು ಜೊತೆಗಿರಬೇಕೆಂದೂ ನಿಯಮ ಹೇಳುತ್ತದೆ. ಮೋಟಾರ್ ಸೈಕಲ್ ಕಲಿಯುವವರು ಬೋಧಕರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ತಂಗಿಯನ್ನು ಬಸ್ ಸ್ಟ್ಯಾಂಡಿಗೆ ಬಿಡುವುದೂ ಈ ನಿಷೇಧದಲ್ಲಿ ಬರುತ್ತದೆ.

ಕಾರು ಕಲಿಸುವ ಡ್ರೈವಿಂಗ್ ಸ್ಕೂಲುಗಳು ಪ್ರತಿ ಊರಿನಲ್ಲೂ ಇವೆ. ದ್ವಿಚಕ್ರ ವಾಹನವನ್ನು ಕ್ರಮವಾಗಿ ಕಲಿಸುವವರು ಕಡಿಮೆ. ದೊಡ್ಡ ಊರುಗಳಲ್ಲಿ ಸ್ಕೂಟರ್ ತರಬೇತಿ, ಅದರಲ್ಲೂ ಮಹಿಳೆಯರಿಗಾಗಿ ಮಹಿಳೆಯರೇ ಕೊಡುವ ತರಬೇತಿ, ಈಗ ಸಿಗುತ್ತಿದೆ. ಸಿಕ್ಕಿದರೆ ಸೇರಿಕೊಳ್ಳಿ. ಸಿಗದಿದ್ದರೆ ಮನೆಯಲ್ಲಿ ತಾಳ್ಮೆ ಇರುವ ಹಿರಿಯರೊಬ್ಬರನ್ನು ಆರಿಸಿಕೊಳ್ಳಿ. ಅತ್ಯಂತ ವೇಗವಾಗಿ ಓಡಿಸುವ ಗೆಳೆಯ ಒಳ್ಳೆಯ ಗುರು ಆಗುವುದು ಅಪರೂಪ. ಕಲಿಕೆ ಯಾವ ಕ್ರಮದಲ್ಲಿ ಸಾಗಬೇಕೆಂಬುದರ ಬಗ್ಗೆ ನನ್ನ ಸಲಹೆ ಹೀಗಿದೆ.

ಮೊದಲು ಖಾಲಿ ಮೈದಾನದಲ್ಲಿ ಎಂಜಿನ್ ಆರಿಸಿದ ವಾಹನವನ್ನು ಎರಡೂ ಬದಿಯಿಂದ ತಳ್ಳಿ, ತಿರುಗಿಸಿ, ಸ್ಟ್ಯಾಂಡ್ ಹಾಕಿ ತೆಗೆದು ಅದರ ತೂಕವನ್ನು ಮೈಗೆ ಪರಿಚಯ ಮಾಡಿಸಬೇಕು. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಭದ್ರವಾಗಿ ತಾಗಬೇಕು. ಗೇರ್ ಬೈಕಾದರೆ ಎಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತ, ಎಂಜಿನ್ನಿನ ಸದ್ದು ಇಳಿದು ಬೈಕು ಮುಂದಕ್ಕೆ ತುಯ್ಯುವ ಜಾಗವನ್ನು ಬೆರಳುಗಳಿಗೆ ಕಲಿಸಬೇಕು. ನಾವು ಹಾಫ್ ಕ್ಲಚ್ ಎನ್ನುವುದು ಅದನ್ನೇ. ಆ ಜಾಗ ಗೊತ್ತಾದವರ ಬೈಕು ಸಿಗ್ನಲ್ಲಿನಲ್ಲಿ ಆಫ್ ಆಗುವುದಿಲ್ಲ, ಮೇಲ್ಸೇತುವೆಯ ಏರಿನಲ್ಲಿ ಹಿಂದಕ್ಕೆ ಜಾರುವುದೂ ಇಲ್ಲ. ಸ್ಕೂಟರ್ ಕಲಿಯುವವರಿಗೆ ಕ್ಲಚ್ಚಿನ ಚಿಂತೆ ಇಲ್ಲ, ಆದರೆ ಅವರಿಗೆ ಬೇರೊಂದು ಅಪಾಯವಿದೆ: ಗಾಬರಿಯಾದಾಗ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಹಿಡಿದಂತೆ ಎಕ್ಸಿಲರೇಟರ್ ತಿರುಗುತ್ತದೆ, ಸ್ಕೂಟರ್ ಇನ್ನಷ್ಟು ಜೋರಾಗಿ ನುಗ್ಗುತ್ತದೆ. ಬಲಗೈಯ ಮಣಿಕಟ್ಟನ್ನು ಸ್ವಲ್ಪ ಕೆಳಗಿಟ್ಟು, ಬ್ರೇಕ್ ಹಿಡಿಯುವ ಮೊದಲೇ ಎಕ್ಸಿಲರೇಟರನ್ನು ಪೂರ್ತಿ ಬಿಡುವ ಅಭ್ಯಾಸವನ್ನು ನೂರಾರು ಬಾರಿ ಮಾಡಬೇಕು.

ಬ್ರೇಕಿನ ಬಗ್ಗೆ ನಮ್ಮಲ್ಲಿ ಹರಡಿರುವ ತಪ್ಪು ತಿಳಿವಳಿಕೆ ತುಂಬ ಅಪಾಯಕಾರಿ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ, ಹಿಂದಿನದನ್ನೇ ಒತ್ತು ಎಂದು ಹೇಳಿಕೊಡುವವರು ಇಂದಿಗೂ ಇದ್ದಾರೆ. ಬ್ರೇಕ್ ಹಾಕಿದ ಕ್ಷಣ ವಾಹನದ ಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನೆಲವನ್ನು ಬಲವಾಗಿ ಹಿಡಿಯುವುದು ಆ ಚಕ್ರವೇ, ಹಿಂದಿನ ಚಕ್ರ ಹಗುರವಾಗಿ ಜಾರತೊಡಗುತ್ತದೆ. ಒಣಗಿದ ಡಾಂಬರಿನ ಮೇಲೆ ನೇರವಾಗಿ ಹೋಗುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಾಕಿ, ಮುಂದಿನದನ್ನು ಜಗ್ಗದೆ ಹಂತಹಂತವಾಗಿ ಹಿಂಡುವುದು ಸರಿಯಾದ ವಿಧಾನ. ಮರಳು, ಜಲ್ಲಿ, ಕೆಸರು ಇರುವಲ್ಲಿ ಮತ್ತು ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ಮೇಲಿನ ಬೈಕುಗಳಲ್ಲಿ, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಕೆಳಗಿನವುಗಳಲ್ಲಿ ಎರಡೂ ಚಕ್ರಗಳ ಬ್ರೇಕು ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್ ಬಂತು. ಇವು ನೆರವಾಗುತ್ತವೆ, ಆದರೆ ಬೆರಳುಗಳ ಅಭ್ಯಾಸಕ್ಕೆ ಬದಲಿಯಲ್ಲ. ಮೈದಾನದಲ್ಲಿ 20, ಆಮೇಲೆ 30 ಕಿಲೋಮೀಟರ್ ವೇಗದಿಂದ ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸುವುದನ್ನು ಕಲಿತ ಬಳಿಕವೇ ರಸ್ತೆಗೆ ಇಳಿಯಬೇಕು.

ರಸ್ತೆಗೆ ಇಳಿಯಲು ಭಾನುವಾರದ ಬೆಳಿಗ್ಗೆ ಒಳ್ಳೆಯ ಹೊತ್ತು. ನಮ್ಮ ರಸ್ತೆಗಳಿಗೆ ವಿಶೇಷವಾದ ಕೆಲವು ಅಪಾಯಗಳನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಬಣ್ಣ ಬಳಿಯದ ಹಂಪುಗಳು ಎಲ್ಲಿ ಬೇಕಾದರೂ ಎದುರಾಗುತ್ತವೆ. ಮಳೆಯ ಮೊದಲ ಕೆಲವು ನಿಮಿಷ ರಸ್ತೆಯ ಎಣ್ಣೆಪಸೆ ನೀರಿನ ಮೇಲೆ ತೇಲುವುದರಿಂದ ಜಾರಿಕೆ ಹೆಚ್ಚು. ನೀರು ನಿಂತ ಕಡೆ ಗುಂಡಿ ಇದೆಯೆಂದೇ ಭಾವಿಸಬೇಕು. ಸುಗ್ಗಿಯ ಕಾಲದಲ್ಲಿ ಹಳ್ಳಿಗಳ ಬಳಿ ರಸ್ತೆಯನ್ನೇ ಕಣ ಮಾಡಿಕೊಂಡು ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಟೈರಿಗೆ ಹಿಡಿತವೇ ಸಿಗುವುದಿಲ್ಲ, ಆದ್ದರಿಂದ ದೂರದಿಂದಲೇ ವೇಗ ತಗ್ಗಿಸಿ ಹ್ಯಾಂಡಲ್ ನೇರವಾಗಿಟ್ಟು ದಾಟಬೇಕು. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸುವವರಿದ್ದಾರೆ. ಹಾಗೆ ಮಾಡಬಾರದು, ಏರಲು ಬೇಕಾದಂಥದೇ ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ನಿಂತ ಬಸ್ಸಿನ ಎಡಗಡೆಯ ಸಂದಿಯಲ್ಲಿ ನುಗ್ಗುವುದು ಎಷ್ಟೇ ಅವಸರವಿದ್ದರೂ ಬೇಡ. ಬಸ್ಸಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವು ಅವರಿಗೆ ಕಾಣುತ್ತಿಲ್ಲ.

ಸೀರೆಯ ಸೆರಗು, ಚೂಡಿದಾರದ ವೇಲು, ಬುರ್ಖಾದ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕಿ ಆಗುವ ದುರಂತಗಳು ಪೂರ್ತಿಯಾಗಿ ತಪ್ಪಿಸಬಹುದಾದವು. ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಂಬದಿಯವರಿಗೆ ಹಿಡಿಕೆ, ಕಾಲಿಡುವ ಪೆಡಲ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅಂದಕ್ಕಾಗಿ ಸೀರೆ ಗಾರ್ಡನ್ನು ಬಿಚ್ಚಿಸುವುದು ಕಾನೂನಿಗೂ ಸುರಕ್ಷತೆಗೂ ವಿರುದ್ಧ.

ಹೆಲ್ಮೆಟ್ ಬಗ್ಗೆ ಚುಟುಕಾಗಿ ಹೇಳುವುದಾದರೆ, ಐಎಸ್ 4151 ಮಾನಕದ ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. 2021ರ ಜೂನ್‌ನಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ನಿಷಿದ್ಧ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಪ್ರತ್ಯೇಕವಾಗಿ ಅಲುಗಬಾರದು. ಹಿಂಬದಿ ಸವಾರರಿಗೂ ಅದು ಕಡ್ಡಾಯ. ಕರ್ನಾಟಕದಲ್ಲಿ ಈ ನಿಯಮವನ್ನು 2016ರಲ್ಲೇ ಜಾರಿಗೆ ತರಲಾಯಿತು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಬಳಸಬೇಡಿ.

ನಾಲ್ಕನೆಯ ಹಂತ: ಚಾಲನಾ ಪರೀಕ್ಷೆ

30 ದಿನ ಕಳೆದ ಬಳಿಕ ಸಾರಥಿ ಜಾಲತಾಣದಲ್ಲಿಯೇ ಡಿಎಲ್ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ, ಪರೀಕ್ಷೆಯ ದಿನ ಆರಿಸಿಕೊಳ್ಳಬೇಕು. ಆರು ತಿಂಗಳ ಕೊನೆಯ ವಾರದವರೆಗೆ ಕಾದರೆ ಸ್ಲಾಟ್ ಸಿಗದೆ ಎಲ್‌ಎಲ್‌ಆರ್ ಅವಧಿ ಮುಗಿಯಬಹುದು. ಗೇರ್ ವರ್ಗಕ್ಕೆ ಅರ್ಜಿ ಹಾಕಿದವರು ಗೇರ್ ಇರುವ ಬೈಕನ್ನೇ ಒಯ್ಯಬೇಕು. ಅದರ ನೋಂದಣಿ ಪತ್ರ (ಆರ್‌ಸಿ), ಚಾಲ್ತಿಯಲ್ಲಿರುವ ವಿಮೆ, ಒಂದು ವರ್ಷ ದಾಟಿದ ವಾಹನವಾದರೆ ಹೊಗೆ ತಪಾಸಣೆಯ ಪ್ರಮಾಣಪತ್ರ, ಎಲ್‌ಎಲ್‌ಆರ್ ಪ್ರತಿ ಇವೆಲ್ಲ ಕೈಯಲ್ಲಿರಲಿ. ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ಎರಡೂ ಕನ್ನಡಿ ಸರಿಯಾಗಿವೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ದ್ವಿಚಕ್ರ ವಾಹನದವರಿಗೆ ಪರೀಕ್ಷೆಯ ಮುಖ್ಯ ಭಾಗ ಎಂಟು ಹಾಕುವುದು. ಎಂಟರ ಆಕಾರದ ಪಥದಲ್ಲಿ ಕಾಲು ನೆಲಕ್ಕೆ ತಾಗಿಸದೆ, ಗೆರೆ ಮೀರದೆ ಸುತ್ತಬೇಕು. ಇದು ಬರುವುದು ವೇಗದಿಂದಲ್ಲ, ನಿಧಾನದ ಮೇಲಿನ ಹಿಡಿತದಿಂದ. ಮೊದಲ ಗೇರಿನಲ್ಲಿ ಎಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿಟ್ಟು, ಹಾಫ್ ಕ್ಲಚ್ಚಿನಲ್ಲಿ ಬಲ ಹೊಂದಿಸುತ್ತ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದರೆ ಬೈಕು ನಡಿಗೆಯ ವೇಗದಲ್ಲೂ ವಾಲುವುದಿಲ್ಲ. ನೋಟ ಮುಂದಿನ ಚಕ್ರದ ಮೇಲೆ ಇರಬಾರದು. ಕುತ್ತಿಗೆಯನ್ನು ತಿರುಗಿಸಿ, ಮುಂದೆ ತಲುಪಬೇಕಾದ ತಿರುವನ್ನು ನೋಡಬೇಕು. ಮುಂದಿನ ಬ್ರೇಕಿನಿಂದ ಬೆರಳು ತೆಗೆದುಬಿಡಿ, ತಿರುಗಿದ ಚಕ್ರಕ್ಕೆ ಅದು ತಾಗಿದರೆ ಕಾಲು ಊರುವುದು ಖಂಡಿತ. ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒ ವ್ಯಾಪ್ತಿಯ ಮಲ್ಲತ್ತಹಳ್ಳಿಯಲ್ಲಿರುವಂತಹ ಸ್ವಯಂಚಾಲಿತ ಪಥಗಳಲ್ಲಿ ತಪ್ಪುಗಳನ್ನು ಗುರುತಿಸುವುದು ಯಂತ್ರ, ಅಲ್ಲಿ ಮಾತಿನ ರಿಯಾಯಿತಿ ಇಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಂಟನ್ನು ಬರೆದುಕೊಂಡು ಅಭ್ಯಾಸ ಮಾಡಿದವರಿಗೆ ಯಾವ ಪಥವೂ ಭಯ ಹುಟ್ಟಿಸುವುದಿಲ್ಲ.

ಅನುತ್ತೀರ್ಣರಾದರೆ ಏಳು ದಿನದ ನಂತರ ಮತ್ತೆ ಹೋಗಬಹುದು. ಮೂರು ಬಾರಿ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು, ಜೊತೆಗೆ ತರಬೇತಿ ಶಾಲೆಯಲ್ಲಿ ಪರಿಹಾರ ತರಬೇತಿಯನ್ನೂ ಮುಗಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ.

30 ವರ್ಷದೊಳಗೆ ಪಡೆದ ಡಿಎಲ್ 40 ವರ್ಷ ತುಂಬುವವರೆಗೆ, 30ರಿಂದ 50ರೊಳಗೆ ಪಡೆದದ್ದು ಹತ್ತು ವರ್ಷ ಊರ್ಜಿತವಾಗಿರುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಡಿಎಲ್, ಆರ್‌ಸಿಗಳಿಗೆ ಮೂಲ ಕಾರ್ಡಿನಷ್ಟೇ ಮಾನ್ಯತೆ ಇದೆ. ಯಾರೋ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಫೋಟೊಕ್ಕೆ ಆ ಮಾನ್ಯತೆ ಇಲ್ಲ.

ಐದನೆಯ ಹಂತ: ವಿಮೆಯನ್ನು ಓದಿ ಕೊಳ್ಳುವುದು

ವಿಮೆ ಇಲ್ಲದೆ ವಾಹನ ಓಡಿಸಿದರೆ ಮೊದಲ ಬಾರಿಗೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸವನ್ನು ಕಾಯ್ದೆ ವಿಧಿಸುತ್ತದೆ. ಆದರೆ ದಂಡ ಇಲ್ಲಿ ಸಣ್ಣ ವಿಷಯ. ನಿಮ್ಮ ಬೈಕು ತಗುಲಿ ದುಡಿಯುವ ವ್ಯಕ್ತಿಯೊಬ್ಬರು ತೀರಿಕೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿಗದಿಪಡಿಸುವ ಪರಿಹಾರವನ್ನು ನಿಮ್ಮ ಮನೆ, ಜಮೀನು ಮಾರಿ ಕಟ್ಟಬೇಕಾಗಬಹುದು. ಈ ಹೊಣೆಯನ್ನು ಹೊರುವುದು ಥರ್ಡ್ ಪಾರ್ಟಿ ವಿಮೆ, ಮತ್ತು ಕಾನೂನು ಕಡ್ಡಾಯ ಮಾಡಿರುವುದು ಇದನ್ನು ಮಾತ್ರ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಪಡೆಯಬೇಕು.

ಇದರ ದರವನ್ನು ಕಂಪನಿಗಳು ತಮ್ಮಿಷ್ಟದಂತೆ ನಿಗದಿ ಮಾಡುವುದಿಲ್ಲ, ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಯ ವಾಹನಕ್ಕೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿಸಿಗೆ 1,366, ಅದಕ್ಕೂ ಮೇಲಿನದಕ್ಕೆ 2,804 ರೂಪಾಯಿ ಇದೆ. ಹೊಸ ವಾಹನದ ಐದು ವರ್ಷದ ದರ ಕ್ರಮವಾಗಿ 3,851, 7,365 ಮತ್ತು 15,117 ರೂಪಾಯಿ. ಜಿಎಸ್‌ಟಿ ಪ್ರತ್ಯೇಕ. ಕೊಳ್ಳುವ ದಿನ ಚಾಲ್ತಿಯಲ್ಲಿರುವ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಈ ಭಾಗದಲ್ಲಿ ‘ನಿಮಗಾಗಿ ಕಡಿಮೆ ಮಾಡಿದ್ದೇವೆ’ ಎಂಬ ಮಾತಿಗೆ ಜಾಗವಿಲ್ಲ. ವ್ಯತ್ಯಾಸ ಇರುವುದು ಸ್ವಂತ ವಾಹನದ ಹಾನಿಗೆ ಕೊಡುವ ‘ಓಡಿ’ (ಓನ್ ಡ್ಯಾಮೇಜ್) ಭಾಗದಲ್ಲಿ. ಅದಕ್ಕಾಗಿ ಎರಡು ಮೂರು ಕಂಪನಿಗಳ ದರ ಕೇಳಬೇಕು. ಷೋರೂಮಿನವರು ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ಕಟ್ಟಳೆ ಇಲ್ಲ.

ಓಡಿ ವಿಮೆಯಲ್ಲಿ ಐಡಿವಿ ಎಂಬ ಅಂಕಿ ಮುಖ್ಯ. ಅದು ವಾಹನ ಕಳುವಾದಾಗ ಅಥವಾ ದುರಸ್ತಿಗೆ ಮೀರಿ ಹಾಳಾದಾಗ ಸಿಗುವ ಗರಿಷ್ಠ ಮೊತ್ತ. ವಾಹನದ ನಿಗದಿತ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಅದನ್ನು ಲೆಕ್ಕ ಹಾಕುತ್ತಾರೆ. 1,00,000 ರೂಪಾಯಿ ಬೆಲೆಯ ಬೈಕಿಗೆ ಎರಡು ವರ್ಷ ದಾಟಿ ಮೂರು ತುಂಬದಿದ್ದರೆ ಶೇ 30 ಕಳೆದು 70,000 ರೂಪಾಯಿ ಆಗುತ್ತದೆ. ಪ್ರೀಮಿಯಂ ತೀರಾ ಕಡಿಮೆ ತೋರಿಸುವ ಕೊಟೇಶನ್ನುಗಳಲ್ಲಿ ಮೊದಲು ನೋಡಬೇಕಾದದ್ದು ಈ ಐಡಿವಿಯನ್ನು ಎಷ್ಟು ಇಳಿಸಿದ್ದಾರೆ ಎಂಬುದನ್ನು. ದುರಸ್ತಿಯ ಬಿಲ್ಲಿನಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಬೆಲೆಯಷ್ಟೇ ಸಿಗುತ್ತದೆ. ಸ್ಕೂಟರಿನ ಹೊರಮೈಯಲ್ಲಿ ಪ್ಲಾಸ್ಟಿಕ್ ಹೆಚ್ಚಿರುವುದರಿಂದ ಕಲಿಯುವ ಮೊದಲ ಎರಡು ವರ್ಷ, ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ‘ಝೀರೋ ಡೆಪ್ರಿಸಿಯೇಶನ್’ ಸೇರಿಸಿಕೊಳ್ಳುವುದು ಹಣಕ್ಕೆ ತಕ್ಕ ಬೆಲೆ ಎಂದು ನನ್ನ ಅಭಿಪ್ರಾಯ. ಕ್ಲೇಮು ಮಾಡದ ವರ್ಷಗಳಿಗೆ ಓಡಿ ಪ್ರೀಮಿಯಂನಲ್ಲಿ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುವ ರಿಯಾಯಿತಿ ಇದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಅದು ಪೂರ್ತಿ ಹೋಗುತ್ತದೆ.

ಇನ್ನು, ನನ್ನ ದೃಷ್ಟಿಯಲ್ಲಿ ಅತ್ಯಂತ ಹೆಚ್ಚು ಕುಟುಂಬಗಳು ಎಡವುವ ಜಾಗಕ್ಕೆ ಬರೋಣ. ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯ ಜೊತೆ ಬರುತ್ತದೆ. ಹೆಸರೇ ಹೇಳುವಂತೆ ಅದು ವಾಹನದ ನೋಂದಾಯಿತ ಮಾಲೀಕರಿಗೆ, ಅದೂ ಅವರ ಬಳಿ ಊರ್ಜಿತ ಡಿಎಲ್ ಇದ್ದಾಗ ಮಾತ್ರ. ನಮ್ಮಲ್ಲಿ ಎಷ್ಟೋ ಸ್ಕೂಟರುಗಳು ಡಿಎಲ್ ಇಲ್ಲದ ತಾಯಿಯ ಹೆಸರಿನಲ್ಲಿದ್ದು, ಓಡಿಸುವವನು ಮಗ. ಆ ಮಗ ತಾನೇ ಆಯತಪ್ಪಿ ಬಿದ್ದರೆ ಈ 15 ಲಕ್ಷ ಯಾರಿಗೂ ಸಿಗುವುದಿಲ್ಲ. ಥರ್ಡ್ ಪಾರ್ಟಿ ವಿಮೆಯೂ ಅವನಿಗೆ ಒದಗುವುದಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಬೇರೆಯವರ ಬೈಕನ್ನು ಎರವಲು ಪಡೆದು ಹೊರಟಿದ್ದ ಸವಾರ ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡಿದ್ದರು. ವಾಹನ ಎರವಲು ಪಡೆದವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನಡಿ ಅವರ ವಾರಸುದಾರರು ಆ ವಾಹನದ ವಿಮೆಯಿಂದ ಪಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾಗಿ ವಾಹನ ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲೇ ನೋಂದಣಿ ಮಾಡಿಸಿ. ಒಂದೇ ಬೈಕನ್ನು ಇಬ್ಬರು ಮೂವರು ಓಡಿಸುವ ಮನೆಯಾದರೆ ಪ್ರತಿಯೊಬ್ಬರೂ ಪ್ರತ್ಯೇಕ ಅಪಘಾತ ವಿಮೆ ಪಡೆಯಿರಿ. ಏನಿಲ್ಲವೆಂದರೂ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಅಪಘಾತದಲ್ಲಿ ಸಾವಾದರೆ ಅದರಿಂದ 2 ಲಕ್ಷ ರೂಪಾಯಿ ಸಿಗುತ್ತದೆ.

ಹಿಂಬದಿ ಸವಾರರ ವಿಷಯದಲ್ಲೂ ಎಚ್ಚರ ಬೇಕು. ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿಯಲ್ಲಿ, ಹಣ ಪಡೆಯದೆ ಹಿಂದೆ ಕೂರಿಸಿಕೊಂಡವರ ಹೊಣೆ ವಿಮಾ ಕಂಪನಿಯ ಮೇಲೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಓಡಿ ಸೇರಿದ ಸಮಗ್ರ ಪಾಲಿಸಿಯಲ್ಲಿ ಅವರಿಗೆ ರಕ್ಷಣೆ ಇದೆ. ಹಳೆಯ ಬೈಕು, ಥರ್ಡ್ ಪಾರ್ಟಿ ಸಾಕು ಎಂದು ಉಳಿಸಿದ ಕೆಲವು ನೂರು ರೂಪಾಯಿಯ ಬೆಲೆಯನ್ನು ಹೆಂಡತಿ ಅಥವಾ ಗೆಳೆಯ ತೆರಬೇಕಾಗಬಹುದು.

ಬಳಕೆಯ ಮಿತಿ ಎಂಬ ಷರತ್ತನ್ನೂ ಓದಬೇಕು. ಖಾಸಗಿ ಬೈಕಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು, ಸ್ವಂತ ಸಾಮಾನಿನ ಹೊರತು ಸರಕು ಸಾಗಿಸುವುದು, ರೇಸು ಇವೆಲ್ಲ ಹೊರಗಿರುತ್ತವೆ. ಕಾಲೇಜಿನ ನಂತರದ ಸಂಜೆಗಳಲ್ಲಿ ಊಟದ ಪೊಟ್ಟಣ ತಲುಪಿಸುವ ಕೆಲಸಕ್ಕೆ ಸೇರುವವರು, ತಮ್ಮ ಪಾಲಿಸಿಗೆ ಆ ಬಳಕೆ ಒಪ್ಪಿಗೆಯೇ ಎಂದು ವಿಮಾ ಕಂಪನಿಯಿಂದ ಲಿಖಿತವಾಗಿ ಕೇಳಿ ತಿಳಿದುಕೊಂಡು, ಕೆಲಸ ಕೊಡುವ ಸಂಸ್ಥೆ ಯಾವ ಅಪಘಾತ ವಿಮೆ ಕೊಡುತ್ತದೆಂದು ಖಚಿತಪಡಿಸಿಕೊಂಡೇ ಮೊದಲ ಆರ್ಡರ್ ತೆಗೆದುಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಅದನ್ನು ಡಿಕ್ಕಿಯಲ್ಲಿಟ್ಟು ಓಡಾಡಬಾರದು. ಆರ್‌ಸಿ ವರ್ಗಾವಣೆಗೆ ಅರ್ಜಿ ಹಾಕಿ, ಕೊಂಡ 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾದಂತೆ ಕಾನೂನು ಭಾವಿಸುತ್ತದೆ, ಓಡಿ ಭಾಗ ಹಾಗಲ್ಲ. ಕ್ಲೇಮಿಲ್ಲದ ವರ್ಷಗಳ ರಿಯಾಯಿತಿ ಹಳೆಯ ಮಾಲೀಕರದು, ಬೈಕಿನ ಜೊತೆ ಬರುವುದಿಲ್ಲ.

ಆರನೆಯ ಹಂತ: ಅಪಘಾತವಾದಾಗ

ಗಾಯಾಳು ಮೊದಲು, ಕಾಗದ ಆಮೇಲೆ. 108 ಅಥವಾ 112ಕ್ಕೆ ಕರೆ ಮಾಡಿ, ಗಾಯಗೊಂಡವರನ್ನು ಹತ್ತಿರದ ಆಸ್ಪತ್ರೆಗೆ ತಲುಪಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಜನ ಸೇರುತ್ತಾರೆಂಬ ಭಯದಿಂದ ಸ್ಥಳ ಬಿಡಬೇಕಾಗಿ ಬಂದರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ತಿಳಿಸಬೇಕು. ಗರಿಷ್ಠ ಮಿತಿ 24 ಗಂಟೆ. ನೆರವಿಗೆ ಬಂದ ದಾರಿಹೋಕರನ್ನು ಹೆಸರು ಹೇಳುವಂತೆ ಬಲವಂತ ಮಾಡಬಾರದೆಂದು ಕಾಯ್ದೆಯ 134ಎ ಕಲಮಿನಡಿ ರಕ್ಷಣೆ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದುರಹಿತವಾಗಿ ಸಿಗುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಇದನ್ನು ಕೇಳಿ ಪಡೆಯಿರಿ.

ವಿಮಾ ಕಂಪನಿಗೆ ಅದೇ ದಿನ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ಥಳದ ಮತ್ತು ವಾಹನದ ಫೋಟೊಗಳನ್ನು ತೆಗೆಯಿರಿ. ಹಾನಿ ಅಂದಾಜಿಸಲು ಕಂಪನಿ ಕಳುಹಿಸುವ ಸರ್ವೇಯರ್ ನೋಡುವ ಮೊದಲು ಮೆಕ್ಯಾನಿಕ್ ಕೈಯಲ್ಲಿ ಏನನ್ನೂ ಬಿಚ್ಚಿಸಬೇಡಿ. ಹೇಳಿಕೆಯಲ್ಲಿ ಓಡಿಸುತ್ತಿದ್ದವರ ಹೆಸರನ್ನು ಬದಲಿಸಬೇಡಿ: ಡಿಎಲ್ ಇಲ್ಲದ ತಮ್ಮನ ಬದಲು ಡಿಎಲ್ ಇರುವ ಅಣ್ಣನ ಹೆಸರು ಬರೆಸುವ ಸಲಹೆ ಕೊಡುವವರು ಸಿಗುತ್ತಾರೆ, ಆದರೆ ಆಸ್ಪತ್ರೆಯ ದಾಖಲೆ ಮತ್ತು ಸಿಸಿಟಿವಿ ಬೇರೆಯದನ್ನೇ ಹೇಳಿದಾಗ ಕ್ಲೇಮಿನ ಜೊತೆ ವಂಚನೆಯ ಮೊಕದ್ದಮೆಯೂ ಹೆಗಲೇರುತ್ತದೆ. ಡಿಎಲ್ ಇಲ್ಲದವರು ಓಡಿಸಿದ ಪ್ರಕರಣದಲ್ಲಿ ನ್ಯಾಯಾಲಯಗಳು ಹಲವು ಬಾರಿ ವಿಮಾ ಕಂಪನಿಯಿಂದ ಗಾಯಾಳುವಿಗೆ ಪರಿಹಾರ ಕೊಡಿಸಿ, ಆ ಮೊತ್ತವನ್ನು ವಾಹನದ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಕಂಪನಿಗೆ ಅನುಮತಿ ನೀಡಿವೆ. ಗಾಯಗೊಂಡವರು ಅಥವಾ ಮೃತರ ವಾರಸುದಾರರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಕಾಯ್ದೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಇಟ್ಟಿದೆ. ಎಫ್‌ಐಆರ್, ಮಹಜರು, ವೈದ್ಯಕೀಯ ದಾಖಲೆ, ಆಸ್ಪತ್ರೆ ಮತ್ತು ಔಷಧದ ಬಿಲ್ಲುಗಳು, ಆದಾಯದ ಪುರಾವೆ ಇವುಗಳನ್ನು ಮೊದಲ ವಾರದಿಂದಲೇ ಒಂದು ಕಡತದಲ್ಲಿ ಕೂಡಿಡುತ್ತ ಬಂದರೆ ವಕೀಲರ ಬಳಿ ಹೋಗುವ ದಿನ ಹುಡುಕಾಟ ಇರುವುದಿಲ್ಲ. ಬೈಕು ಕಳುವಾದ ಪ್ರಕರಣವಾದರೆ ಎಫ್‌ಐಆರ್ ಪ್ರತಿಯ ಜೊತೆ ಎರಡೂ ಮೂಲ ಕೀಲಿಗಳನ್ನು ಕಂಪನಿ ಕೇಳುತ್ತದೆ. ವಾಹನ ಕೊಂಡ ದಿನವೇ ಎರಡನೆಯ ಕೀಲಿಯನ್ನು ಪಾಲಿಸಿಯ ಪ್ರತಿಯೊಂದಿಗೆ ಬೀರುವಿನಲ್ಲಿ ಇಟ್ಟುಬಿಡಿ.